ಇಸ್ತಾಂಬುಲಿನ ಹಳೆಯ ಮಸಾಲೆ ಮಾರುಕಟ್ಟೆಯನ್ನು ಮಸೀದಿಯ ಪಕ್ಕದಲ್ಲೇ ಕಟ್ಟಿಸಿದ್ದೇಕೆ?

ಮಸೀದಿಗೊಂದು ಕಾಯಂ ಆದಾಯ ಬೇಕಿತ್ತು. 1597ರಲ್ಲಿ ಆರಂಭವಾಗಿ ದಶಕಗಳ ಕಾಲ ಅರ್ಧಕ್ಕೇ ನಿಂತಿದ್ದ ‘ಹೊಸ ಮಸೀದಿ’ಯನ್ನು ಸುಲ್ತಾನ ನಾಲ್ಕನೆಯ ಮೆಹಮದನ ತಾಯಿ ತುರ್ಹಾನ್ ಸುಲ್ತಾನ್ 1660ರ ದಶಕದಲ್ಲಿ ಪೂರ್ಣಗೊಳಿಸಿದಾಗ, ಅದರ ನಿರ್ವಹಣೆಯು ಅಂಗಡಿಗಳ ಬಾಡಿಗೆಯಿಂದಲೇ ಸಾಗಲೆಂದು ಈ ಮಾರುಕಟ್ಟೆಯನ್ನೂ ಕಟ್ಟಿಸಿದಳು; ನಮ್ಮ ಕಾಸರಗೋಡಿನ ದೇವಸ್ಥಾನಗಳಿಗೆ ಗದ್ದೆಗಳ ಗೇಣಿ ಸಲ್ಲುತ್ತಿದ್ದಂಥದೇ ಏರ್ಪಾಡು. ನಮ್ಮ ಮಲಬಾರಿನ ಕರಿಮೆಣಸೂ ಕೆಂಪು ಸಮುದ್ರ ದಾಟಿ, ಕೈರೋ ಮಾರ್ಗವಾಗಿ ಆ ನಗರವನ್ನು ಸೇರುತ್ತಿತ್ತು.

ವಾಸ್ತುವಿನಲ್ಲಿ ಆಡಂಬರಕ್ಕಿಂತ ವ್ಯಾಪಾರದ ಅನುಕೂಲವೇ ಮುಖ್ಯವೆಂದು ನನಗನ್ನಿಸುತ್ತದೆ: ಮೂಲೆಮಟ್ಟವಾಗಿ ಕೂಡುವ ಎರಡು ಉದ್ದನೆಯ ಓಣಿಗಳು, ಅವುಗಳ ಮೇಲೆ ಎತ್ತರದ ಕಮಾನು ಚಾವಣಿ, ಬೆಳಕು ಇಳಿಯಲು ಗೋಡೆಯ ಮೇಲ್ಭಾಗದಲ್ಲಿ ಕಿಟಕಿಗಳು, ಇಕ್ಕೆಲಗಳಲ್ಲಿ ಅಂಗಡಿಗಳು, ಒಳಬರಲು ಆರು ಬಾಗಿಲುಗಳು. 1691 ಮತ್ತು 1940ರಲ್ಲಿ ಬೆಂಕಿಗೆ ತುತ್ತಾದ ಕಟ್ಟಡವನ್ನು ಮತ್ತೆ ದುರಸ್ತಿಗೊಳಿಸಲಾಯಿತು.