ತೊಗರಿ ಹೊಲದಲ್ಲಿ ಸಿಕ್ಕ ಮೊಲದ ಮರಿಗಳನ್ನು ಮನೆಗೆ ತರಬಹುದೇ?

ಚಿಂಚೋಳಿ ಸಮೀಪದ ತಮ್ಮ ಹೊಲದಲ್ಲಿ ತೊಗರಿ ಕೊಯ್ಯುವಾಗ ಎರಡು ಮೊಲದ ಮರಿಗಳು ಸಿಕ್ಕಿದ್ದು, ತಾಯಿ ಕಾಣದ ಕಾರಣ ಮನೆಗೆ ತಂದು ಆಕಳ ಹಾಲು ಕುಡಿಸಿ ಸಾಕಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ತರಬೇಡಿ; ಅವು ಬಹುಮಟ್ಟಿಗೆ ಅನಾಥ ಮರಿಗಳಲ್ಲ.

ಪೇಟೆಯಲ್ಲಿ ಮಾರುವ ಸಾಕುಮೊಲದ ಮರಿಗಳು ಕೂದಲಿಲ್ಲದೆ, ಕಣ್ಣು ಮುಚ್ಚಿಕೊಂಡು ಹುಟ್ಟಿದರೆ, ನಮ್ಮ ಹೊಲಗಳ ಕಾಡುಮೊಲದ ಮರಿಗಳು ಮೈತುಂಬ ಕೂದಲಿನೊಂದಿಗೆ ಕಣ್ಣು ತೆರೆದೇ ಹುಟ್ಟುತ್ತವೆ. ತಾಯಿ ಬಿಲ ತೋಡುವುದಿಲ್ಲ. ಹುಲ್ಲಿನ ನಡುವಿನ ತಗ್ಗಿನಲ್ಲಿ ಮರಿಗಳನ್ನು ಬಿಟ್ಟು, ನರಿ ನಾಯಿಗಳಿಗೆ ಸುಳಿವು ಸಿಗದಂತೆ ಹಗಲೆಲ್ಲ ದೂರವಿದ್ದು, ಸಾಮಾನ್ಯವಾಗಿ ಕತ್ತಲಾದ ಮೇಲೆ ಬಂದು ಸ್ವಲ್ಪ ಹೊತ್ತು ಹಾಲೂಡಿಸಿ ಹೋಗುತ್ತದೆ. ಮನುಷ್ಯರು ಮುಟ್ಟಿದರೆ ತಾಯಿ ಸೇರಿಸುವುದಿಲ್ಲವೆಂಬ ನೆರೆಯವರ ಮಾತು ಸರಿಯಲ್ಲ, ಆದರೆ ಅವರೊಡನೆ ವಾದಕ್ಕಿಳಿಯಬೇಡಿ. ಈ ವಿಷಯದಲ್ಲಿ ಅವರವರು ಹಿಡಿದ ಮೊಲಕ್ಕೆ ಮೂರೇ ಕಾಲು.

ಆ ಜಾಗದ ಬೆಳೆಯನ್ನು ಕೊನೆಗೆ ಕೊಯ್ಯಿರಿ. ಯಂತ್ರ ಬರುವುದು ಅನಿವಾರ್ಯವಾದರೆ, ಕೈಯಲ್ಲಿ ಹುಲ್ಲು ಹಿಡಿದು ಮರಿಗಳನ್ನೆತ್ತಿ ಹತ್ತಿರದ ಬದುವಿನ ನೆರಳಿಗೆ ಸರಿಸಿ, ನಾಯಿಗಳನ್ನು ಕಟ್ಟಿಹಾಕಿರಿ. ಮೊಲದ ಹಾಲಿನಲ್ಲಿ ಕೊಬ್ಬು ಮತ್ತು ಪ್ರೋಟೀನು ಆಕಳ ಹಾಲಿಗಿಂತ ಬಹಳ ಹೆಚ್ಚು. ಆಕಳ ಹಾಲು ಕುಡಿಸಿದರೆ ಹೊಟ್ಟೆ ಕೆಟ್ಟು ಮರಿಗಳು ಸಾಯುವ ಸಂಭವವೇ ಅಧಿಕ.

ಕಾಡುಮೊಲವು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿದೆ. ಹೀಗಾಗಿ ಅದನ್ನು ಸಾಕುವುದೂ ಅಪರಾಧ, ದೊಡ್ಡದಾದ ಮೇಲೆ ಸಾರು ಮಾಡೋಣವೆಂಬ ನಿಮ್ಮ ಗೆಳೆಯರ ಸಲಹೆಯಂತೂ ತಮಾಷೆಗೂ ಬೇಡ. ಮರಿಗಳಿಗೆ ಗಾಯವಾಗಿದ್ದರೆ ಅಥವಾ ತಾಯಿ ಸತ್ತದ್ದು ಖಚಿತವಾಗಿದ್ದರೆ ಮಾತ್ರ ವಲಯ ಅರಣ್ಯ ಕಚೇರಿಗೆ ತಿಳಿಸಿ, ಅವರು ಬರುವವರೆಗೆ ರಂಧ್ರಗಳಿರುವ ರಟ್ಟಿನ ಪೆಟ್ಟಿಗೆಯಲ್ಲಿ ಬೆಚ್ಚಗಿಡಿ.