ಬಿಸಿಬೇಳೆಬಾತ್ ಪುಡಿ ಮುಗಿದಿದೆ, ಬದಲಿಗೆ ಏನು ಹಾಕಲಿ?

ಪ್ರಶ್ನೆ: ಅಕ್ಕಾ, ಈ ಚಳಿಗೆ ರಾತ್ರಿ ಊಟಕ್ಕೆ ಮಕ್ಕಳು ಬಿಸಿಬೇಳೆಬಾತೇ ಬೇಕು ಅಂತಾರೆ. ಅಮ್ಮ ಕಳಿಸಿದ್ದ ಪುಡಿ ಮುಗಿದಿದೆ. ಸಾರಿನ ಪುಡಿ, ಹುಳಿ ಪುಡಿ, ಗರಂ ಮಸಾಲೆ ಮನೆಯಲ್ಲಿವೆ. ಯಾವುದು ಹಾಕಿದರೆ ಆ ರುಚಿ ಬರುತ್ತೆ?
– ಓದುಗರೊಬ್ಬರು, ಹಾಸನ

ಉತ್ತರ: ಹುಳಿ ಪುಡಿ ತೊಗೊಳ್ಳಿ. ಧನಿಯ, ಮೆಣಸಿನಕಾಯಿ, ಕಡಲೆಬೇಳೆ, ಮೆಂತ್ಯ ಅದರಲ್ಲಿ ಆಗಲೇ ಇರುತ್ತೆ, ಅರ್ಧ ಕೆಲಸ ಆದ ಹಾಗೆ. ಇಲ್ಲದ್ದು ಚಕ್ಕೆ, ಲವಂಗ, ಮರಾಠಿ ಮೊಗ್ಗು, ಒಣಕೊಬ್ಬರಿ. 1 ಲೋಟ ಅಕ್ಕಿಗೆ 3 ದೊಡ್ಡ ಚಮಚ ಹುಳಿ ಪುಡಿ ಸಾಕು. ಅದಕ್ಕೆ ಒಂದಿಂಚು ಚಕ್ಕೆ, 3 ಲವಂಗ, 2 ಮರಾಠಿ ಮೊಗ್ಗನ್ನು ಚೂರು ತುಪ್ಪದಲ್ಲಿ ಸಣ್ಣ ಉರಿಯಲ್ಲಿ ಘಮ್ ಅನ್ನೋವರೆಗೆ ಹುರಿದು, ಒಲೆ ಆರಿಸಿ, 2 ಚಮಚ ಕೊಬ್ಬರಿ ತುರಿಯನ್ನು ಆ ಬಿಸಿಗೇ ಹಾಕಿ ಕೈಯಾಡಿಸಿ, ತಣ್ಣಗಾದ ಮೇಲೆ ಪುಡಿ ಮಾಡಿ ಬೆರೆಸಿ. ಕೊಬ್ಬರಿ ಮಾತ್ರ ಬಿಡಬೇಡಿ. ಅದಿಲ್ಲದಿದ್ದರೆ ತಿನ್ನುವಾಗ ಹುಳಿ ಅನ್ನ ಕಲಸಿದ ಹಾಗೇ ಅನಿಸುತ್ತೆ, ನಾನು ಮಾಡಿ ನೋಡಿದ್ದೇನೆ.

ಮರಾಠಿ ಮೊಗ್ಗು ಸಿಗಲಿಲ್ಲ ಅಂತ ಚಕ್ರಮೊಗ್ಗು ಹಾಕುವವರಿದ್ದಾರೆ. ಬೇಡ. ಅದರದು ಸೋಂಪಿನಂಥ ವಾಸನೆ, ಬಾತು ಪಲಾವಿನ ಕಡೆಗೆ ಹೋಗಿಬಿಡುತ್ತೆ. ಇಲ್ಲದಿದ್ದರೆ ಬಿಟ್ಟೇಬಿಡಿ, ಒಂದು ಲವಂಗ ಜಾಸ್ತಿ ಹಾಕಿ.

ಸಾರಿನ ಪುಡಿ ಒಂದೇ ಇದ್ದರೆ? ನಡೆಯುತ್ತೆ, ಆದರೆ ಅದರಲ್ಲಿ ಜೀರಿಗೆ, ಮೆಣಸು ಮುಂದಿರುತ್ತೆ, ಎಷ್ಟೋ ಮನೆಗಳಲ್ಲಿ ಬೇಳೆ ಹಾಕುವುದೇ ಇಲ್ಲ. ಹಾಗಾಗಿ 2 ಚಮಚ ಕಡಲೆಬೇಳೆ, 1 ಚಮಚ ಉದ್ದಿನಬೇಳೆ ಕೆಂಪಗೆ ಹುರಿದು ಮೇಲೆ ಹೇಳಿದ ಮಸಾಲೆ ಜೊತೆ ಪುಡಿ ಮಾಡಿ. ಗರಂ ಮಸಾಲೆಯನ್ನೇ ನಂಬಿಕೊಳ್ಳಬೇಡಿ, ಅದರಲ್ಲಿ ಘಾಟು ಇದೆಯೇ ಹೊರತು ಬಾತನ್ನು ಹಿಡಿದಿಡೋ ಬೇಳೆಯ ಮೈ ಇಲ್ಲ. ಚಕ್ಕೆ ಲವಂಗ ಏನೂ ಇಲ್ಲದ ದಿನ ಹುಳಿ ಪುಡಿ ಜೊತೆ ಕಾಲು ಚಮಚ, ಅಷ್ಟೇ.

ಪುಡಿ ಬದಲಾದಾಗ ಹುಣಸೆಹಣ್ಣು, ಬೆಲ್ಲ ಅಳತೆ ನೋಡಿ ಹಾಕಬೇಡಿ, ರುಚಿ ನೋಡಿ ಹಾಕಿ. ಖಾರ ಜಾಸ್ತಿ ಅನಿಸಿದರೆ ಬೆಲ್ಲಕ್ಕೆ ಕೈ ಹಾಕುವ ಮೊದಲು ಇನ್ನೊಂದು ಸೌಟು ಬೆಂದ ತೊಗರಿಬೇಳೆ ಸೇರಿಸಿ. ಮತ್ತೆ ಚಳಿಗೆ ಬಾತು ಬೇಗ ಗಟ್ಟಿಯಾಗುತ್ತೆ ಅಲ್ವಾ? ಒಲೆ ಮೇಲಿದ್ದಾಗ ಸೌಟಿನಿಂದ ಜಾರುವಷ್ಟು ತೆಳ್ಳಗಿರಲಿ. ತಟ್ಟೆಗೆ ಬರೋ ಹೊತ್ತಿಗೆ ಸರಿಹೋಗುತ್ತೆ. ಬೆಳಿಗ್ಗೆಗೆ ಉಳಿದರೆ ಕುದಿಯೋ ನೀರು ಹಾಕಿ ಸಡಿಲ ಮಾಡಿ, ತಣ್ಣೀರು ಬೇಡ, ಮೇಲೆ ಒಂದು ಚಮಚ ತುಪ್ಪ.