ಟಿಆರ್6 ಚಾಸಿಗೆ ತುಕ್ಕು ಒಳಗಿನಿಂದ ಬರುತ್ತದೆ

ನಿಮ್ಮ ಹಳೇ ಬ್ರಿಟಿಷ್ ಸ್ಪೋರ್ಟ್ಸ್ ಕಾರು ಟ್ರಯಂಫ್ ಟಿಆರ್6ನ ಚಾಸಿಗೆ (ಕಾರಿನ ತಳದ ಉಕ್ಕಿನ ಚೌಕಟ್ಟು) ಕೆಳಗಿನಿಂದ ದಪ್ಪಗೆ ಅಂಡರ್‌ಕೋಟಿಂಗ್, ಅಂದರೆ ತುಕ್ಕು ತಡೆಯುವ ಲೇಪ, ಬಳಿಸಿದರೆ ಸಾಕಾ ಅಂತ ಕೇಳಿದ್ದೀರಿ. ಸಾಲದು. ಈ ಚಾಸಿ ಒಳಗೆ ಟೊಳ್ಳು, ತುಕ್ಕು ಜಾಸ್ತಿ ಅಲ್ಲಿಂದಲೇ ಶುರು. ಹಿಂದಿನ ಟ್ರೇಲಿಂಗ್ ಆರ್ಮ್ (ಹಿಂದಿನ ಚಕ್ರವನ್ನು ಚಾಸಿಗೆ ಜೋಡಿಸುವ ತೋಳು) ಕೂರುವ ಜಾಗವನ್ನು ಮೊದಲು ನೋಡಿ. ಸ್ಕ್ರೂಡ್ರೈವರ್ ತುದಿಯಿಂದ ಒತ್ತಿದಾಗ ಒಳಗೆ ಹೋದರೆ ವೆಲ್ಡಿಂಗ್ ಮಾಡಿಸಿ, ಉಳಿದದ್ದೆಲ್ಲ ಆಮೇಲೆ.

ಗಟ್ಟಿಯಿದ್ದರೆ, ನೀರು ಇಳಿಯುವ ತೂತುಗಳನ್ನು ತಂತಿ ಹಾಕಿ ಬಿಡಿಸಿ. ಒಳಗೆ ತೊಳೆದು ಪೂರ್ತಿ ಒಣಗಲು ಬಿಡಿ, ಇದರಲ್ಲಿ ಅವಸರ ಬೇಡ. ಆಮೇಲೆ ಉದ್ದ ಪೈಪಿನ ನಾಜಲ್‌ನಿಂದ ಕ್ಯಾವಿಟಿ ವ್ಯಾಕ್ಸ್ (ಟೊಳ್ಳಿನ ಒಳಗೆ ತುಕ್ಕು ತಡೆಯುವ ಮೇಣ) ಹೊಡೆಯಿರಿ. ತೂತುಗಳು ಮತ್ತೆ ಕಟ್ಟಿಕೊಳ್ಳದಂತೆ ನೋಡಿಕೊಳ್ಳಿ. ಹಳೇ ತುಕ್ಕಿನ ಮೇಲೆ ಬಳಿದ ದಪ್ಪ ಕೋಟಿಂಗ್ ಬಿರುಕು ಬಿಟ್ಟು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಸುಮ್ನೆ ದುಡ್ಡು ದಂಡ.

ಅಂದಹಾಗೆ, ಎಂಜಿನ್ ಆಯಿಲ್ ಸೋರುವ ಮುಂಭಾಗ ಮಾತ್ರ ಆ ಎಣ್ಣೆ ಹತ್ತಿಕೊಂಡು ತುಕ್ಕು ಹಿಡಿಯದೆ ಎಷ್ಟೋ ಸಲ ಚೆನ್ನಾಗಿಯೇ ಉಳಿದಿರುತ್ತದೆ!